ಬ್ಯಾಟರಿ ತೆಗೀಬೇಡಿ: ಸೈಡ್‌ಕಿಕ್ ಫೋನುಗಳ ನಂಬರುಗಳು ಮಾಯವಾದ ಆ ಎರಡು ವಾರ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ಈ ಸಂಚಿಕೆಯ ಕಥೆ ಅಮೆರಿಕದ್ದು, 2009ನೇ ಇಸವಿಯದ್ದು. ಆದರೆ ನಾನು ಅದನ್ನ ಹುಡುಕಿಕೊಂಡು ಹೋಗಿದ್ದು ನಮ್ಮಮ್ಮನ ಫೋನಿನ ದೆಸೆಯಿಂದ. ಹಾಗಾಗಿ ಅಲ್ಲಿಂದಲೇ ಶುರು ಮಾಡ್ತೀನಿ.

ಹೋದ ಆಷಾಢದಲ್ಲಿ ಅಮ್ಮನ ಫೋನು ಜಗುಲಿ ಮೇಲಿಂದ ಬಿದ್ದು ಅರ್ಧ ಸ್ಕ್ರೀನು ಕಪ್ಪಾಯ್ತು. ರಿಪೇರಿಗೆ ಹಾಕೋ ದುಡ್ಡಿಗೆ ಇನ್ನಷ್ಟು ಸೇರಿಸಿದ್ರೆ ಹೊಸದೇ ಬರುತ್ತೆ ಅಂತ ಪೇಟೆಯ ಮೊಬೈಲ್ ಅಂಗಡಿ ಹುಡುಗ ಹೇಳಿದ. ಉಳಿದಿದ್ದ ಅರ್ಧ ಸ್ಕ್ರೀನಿನಲ್ಲೇ ಹೇಗೋ ಒತ್ತಿ, ನಂಬರುಗಳ ಬ್ಯಾಕಪ್ಪನ್ನ ಮೆಮೊರಿ ಕಾರ್ಡಿಗೆ ತೆಗೆದ. ಕಾರ್ಡನ್ನ ಹೊಸ ಫೋನಿಗೆ ಹಾಕಿ ರಿಸ್ಟೋರ್ ಕೊಟ್ಟ. 'ಆಯ್ತು ಆಂಟಿ' ಅಂತ ಕೈಗಿಟ್ಟ. ಸಂಜೆ ಅಮ್ಮ ನನಗೆ ಫೋನ್ ಮಾಡಿದ್ರು. ನನ್ನ ನಂಬರು ಅವರಿಗೆ ಬಾಯಿಪಾಠ. 'ನನ್ನ ಫೋನಲ್ಲಿ ಯಾರೂ ಇಲ್ಲ ಕಣೇ' ಅಂದ್ರು.

ಯಾರೂ ಇಲ್ಲ ಅಂದ್ರೆ ಪೂರ್ತಿ ಇಲ್ಲ ಅಂತಲ್ಲ. ಇಂಗ್ಲಿಷ್ ಅಕ್ಷರದಲ್ಲಿದ್ದ ಹೆಸರುಗಳು ಬಂದಿದ್ವು: ಗ್ಯಾಸ್ ಏಜೆನ್ಸಿ, ಬ್ಯಾಂಕು, ನಾನು ಯಾವತ್ತೋ ಸೇವ್ ಮಾಡಿಕೊಟ್ಟ ನಾಲ್ಕಾರು ನಂಬರು. ಅಮ್ಮ ತಾವೇ ಕನ್ನಡದಲ್ಲಿ ಬರೆದುಕೊಂಡಿದ್ದು ಹೆಚ್ಚುಕಮ್ಮಿ ಎಲ್ಲವೂ ಹೋಗಿತ್ತು. ಅಲ್ಲೊಂದು ಇಲ್ಲೊಂದು ಉಳಿದಿದ್ದ ಕಡೆ ಹೆಸರಿನ ಜಾಗದಲ್ಲಿ ಸಮ ಚಿಹ್ನೆ, ಇಂಗ್ಲಿಷಿನ ಇ, ಸೊನ್ನೆ, ಮತ್ತೆ ಸಮ ಚಿಹ್ನೆ, ಬಿ, ಎರಡು, ಹೀಗೆ ಯಾವುದೋ ಮಂತ್ರದ ಥರ ಒಂದು ಸಾಲು.

ಅಮ್ಮ ಊರಿನ ಸ್ವಸಹಾಯ ಸಂಘದ ಲೆಕ್ಕ ನೋಡ್ಕೊಳ್ತಾರೆ. ಯಾರ ಕಂತು ಎಷ್ಟು ಬಾಕಿ, ಯಾರಿಗೆ ಯಾವತ್ತು ಹೇಳಿ ಕಳಿಸ್ಬೇಕು ಅನ್ನೋದನ್ನ ಪುಸ್ತಕದ ಜೊತೆಗೆ ಫೋನಿನಲ್ಲೂ ಗುರುತು ಹಾಕೋ ಅಭ್ಯಾಸ. ಅದೂ ಆ ಹೆಸರಿನ ಕೆಳಗೇ, ಟಿಪ್ಪಣಿ ಬರೆಯೋ ಜಾಗದಲ್ಲಿ. ಪುಸ್ತಕಕ್ಕೆ ಇನ್ನೂ ಏರಿಸದೇ ಇದ್ದ ಎರಡು ತಿಂಗಳ ಗುರುತು ಆ ಫೋನಿನಲ್ಲಿತ್ತು. ಸಂಘದ ಸಭೆ ಬರೋ ಭಾನುವಾರ. ಲೆಕ್ಕ ತಪ್ಪಿದ್ರೆ ಹೋಗೋದು ದುಡ್ಡಷ್ಟೇ ಅಲ್ಲ, ಹನ್ನೆರಡು ವರ್ಷದಿಂದ ಉಳಿಸಿಕೊಂಡು ಬಂದಿದ್ದ ಮಾತು.

ಮೊದಲು ನೆನಪಾಗಿದ್ದು ಗೂಗಲ್ ಖಾತೆ. ಅದರಲ್ಲಿ ಸಿಂಕ್ ಆಗಿರಬೇಕಲ್ವಾ? ಆಗಿರಲಿಲ್ಲ. ತಿಂಗಳಿಗೆ ಒಂದು ಜಿಬಿ ಡೇಟಾದಲ್ಲಿ ಸಂಸಾರ ಮಾಡ್ತಿದ್ದ ಕಾಲದಲ್ಲಿ, ಡೇಟಾ ಉಳಿಯಲಿ ಅಂತ ಸಿಂಕ್ ಆಫ್ ಮಾಡಿ ಕೊಟ್ಟವಳು ನಾನೇ. ಅದನ್ನ ಅಮ್ಮನಿಗೆ ಆ ಕ್ಷಣದಲ್ಲಿ ಹೇಳೋ ಧೈರ್ಯ ಬರಲಿಲ್ಲ.

ಆ ರಾತ್ರಿ ಕೂತು ಓದ್ತಾ ಹೋದಾಗ ಸಿಕ್ಕಿದ್ದು ಸೈಡ್‌ಕಿಕ್ ಕಥೆ.

ಸೈಡ್‌ಕಿಕ್ ನಮ್ಮ ದೇಶದಲ್ಲಿ ಯಾರ ಕೈಲೂ ಓಡಾಡಿದ ಫೋನಲ್ಲ. 2002ರ ಅಕ್ಟೋಬರಿನಲ್ಲಿ ಅಮೆರಿಕದ ಟಿ-ಮೊಬೈಲ್ ಅದನ್ನ ಮಾರುಕಟ್ಟೆಗೆ ತಂತು. ತಯಾರಿಸಿದ್ದು ಕ್ಯಾಲಿಫೋರ್ನಿಯಾದ ಒಂದು ಸಣ್ಣ ಕಂಪನಿ. ಅದರ ಹೆಸರು, ನಗಬೇಡಿ, ಡೇಂಜರ್. ಆಂಡಿ ರೂಬಿನ್, ಜೋ ಬ್ರಿಟ್, ಮ್ಯಾಟ್ ಹರ್ಷನ್‌ಸನ್ ಅನ್ನೋ ಮೂವರು ಕಟ್ಟಿದ ಕಂಪನಿ. ಅಡ್ಡಕ್ಕೆ ಹಿಡಿದು ಸ್ಕ್ರೀನನ್ನ ಒಂದು ಸಲ ತಳ್ಳಿದ್ರೆ ಗಿರ್ರನೆ ತಿರುಗಿ, ಅದರಡಿಯಲ್ಲಿ ಪೂರ್ತಿ ಕೀಬೋರ್ಡು ಕಾಣ್ತಿತ್ತು. ಕಾಲೇಜು ಹುಡುಗರು, ಸಿನಿಮಾ ತಾರೆಯರು ಇದಕ್ಕೆ ಮರುಳಾಗಿದ್ರು.

ಆದರೆ ಇದನ್ನ ಬೇರೆಯವರಿಗಿಂತ ಹೆಚ್ಚು ನೆಚ್ಚಿಕೊಂಡಿದ್ದವರು ಅಮೆರಿಕದ ಕಿವಿ ಕೇಳದ ಜನ. ಮಾತಾಡೋ ಫೋನು ಅವರಿಗೆ ಉಪಯೋಗಕ್ಕೆ ಬಾರದ್ದು. ಬೆರಳಲ್ಲಿ ವೇಗವಾಗಿ ಟೈಪ್ ಮಾಡೋಕೆ ಅಗಲವಾದ ಕೀಬೋರ್ಡು, ಇನ್‌ಸ್ಟಂಟ್ ಮೆಸೇಜು, ಇಮೇಲು ಎಲ್ಲ ಒಂದೇ ಕಡೆ ಸಿಕ್ಕಿದ್ದು ಅವರಿಗೆ ದೊಡ್ಡ ಬಿಡುಗಡೆ ಆಗಿತ್ತು. ಸೈಡ್‌ಕಿಕ್ ಕೆಟ್ಟರೆ ಬೇರೆಯವರಿಗೆ ಒಂದು ಫೋನು ಕೆಟ್ಟ ಹಾಗೆ. ಇವರಿಗೆ ಹೊರಗಿನವರ ಜೊತೆಗಿನ ಮಾತೇ ನಿಂತ ಹಾಗೆ.

ಈಗ ಈ ಫೋನಿನ ಒಳಗಿನ ವಿಚಾರಕ್ಕೆ ಬರೋಣ. ಕಥೆಯ ಗಂಟು ಇರೋದು ಅಲ್ಲೇ.

ಆ ಕಾಲಕ್ಕೆ ಬೇರೆ ಫೋನುಗಳಲ್ಲಿ ನಂಬರು ಇರ್ತಿದ್ದದ್ದು ಸಿಮ್‌ನಲ್ಲಿ ಅಥವಾ ಫೋನಿನ ಹೊಟ್ಟೆಯಲ್ಲಿ. ಸಿಮ್ ನೆನಪಿದೆಯಲ್ವಾ? ಸುಮಾರು 250 ನಂಬರು ತುಂಬಿದ ಮೇಲೆ ಜಾಗ ಇಲ್ಲ ಅನ್ನೋದು. ಹೆಸರು ಉದ್ದ ಆದ್ರೆ ಅರ್ಧಕ್ಕೇ ಕತ್ತರಿಸೋದು. ಒಬ್ಬರಿಗೆ ಎರಡು ನಂಬರಿದ್ರೆ ಹೆಸರನ್ನೇ ಎರಡು ಸಲ ಬರೀಬೇಕಿತ್ತು. ಫೋನು ಕಳೆದು ಹೋಯ್ತು ಅಂದ್ರೆ ಅಷ್ಟೇ ಕಥೆ. ಎಲ್ಲರಿಗೂ ಹೇಳಿ ಕಳಿಸಿ, ಮಿಸ್ಡ್ ಕಾಲ್ ಕೊಡಿ, ಹೆಸರು ಹಾಕಿ ಮೆಸೇಜ್ ಮಾಡಿ ಅಂತ ಮತ್ತೆ ಒಂದೊಂದೇ ಸೇರಿಸ್ಕೋಬೇಕು.

ಡೇಂಜರ್ ಮಾಡಿದ್ದು ಬೇರೆ ಥರ. ನೀವು ಸೈಡ್‌ಕಿಕ್‌ನಲ್ಲಿ ಒಂದು ನಂಬರು ಬರೆದ್ರೆ ಅದು ಆ ಕೂಡಲೇ ಕಂಪನಿಯ ಸರ್ವರಿಗೆ ಹೋಗ್ತಿತ್ತು. ಅಸಲು ಪ್ರತಿ ಇದ್ದದ್ದು ಅಲ್ಲಿ. ಫೋನಿನಲ್ಲಿ ಇದ್ದದ್ದು ಅದರ ನೆರಳು. ಆ ನೆರಳೂ ಕರೆಂಟು ಇರೋ ತನಕ ಮಾತ್ರ ನಿಲ್ಲೋ ಮೆಮೊರಿಯಲ್ಲಿ. ಬ್ಯಾಟರಿ ಪೂರ್ತಿ ಇಳಿದ್ರೆ ಫೋನು ಖಾಲಿ. ಮತ್ತೆ ಆನ್ ಮಾಡಿದಾಗ ಸರ್ವರಿಂದ ಎಲ್ಲ ಇಳಿದು ಬರ್ತಿತ್ತು.

ಫೋನು ಕಳೆದುಕೊಂಡವರು ಅಂಗಡಿಗೆ ಹೋಗಿ ಇನ್ನೊಂದು ಸೈಡ್‌ಕಿಕ್ ತಗೊಂಡು, ಹೆಸರು ಪಾಸ್‌ವರ್ಡ್ ಹಾಕಿದ್ರೆ ಮುಗೀತು. ಸ್ವಲ್ಪ ಹೊತ್ತಿನಲ್ಲೇ ನಂಬರು, ಕ್ಯಾಲೆಂಡರು, ಫೋಟೋ ಎಲ್ಲ ವಾಪಸ್. ಕ್ಲೌಡ್ ಅನ್ನೋ ಮಾತು ಇನ್ನೂ ಜನರ ಬಾಯಿಗೆ ಬಂದಿರದ 2002ರಲ್ಲಿ ಇದು ಪವಾಡವೇ. ಬ್ಯಾಕಪ್ ತಗೊಳ್ಳಿ ಅಂತ ಯಾರೂ ಹೇಳ್ತಿರಲಿಲ್ಲ, ಯಾಕಂದ್ರೆ ಬ್ಯಾಕಪ್ ತಾನಾಗೇ ಆಗ್ತಿತ್ತು. ಏಳು ವರ್ಷ ಹೀಗೇ ನಡೀತು.

ಈ ನಡುವೆ ರೂಬಿನ್ ಕಂಪನಿ ಬಿಟ್ಟು, 2003ರಲ್ಲಿ ಆಂಡ್ರಾಯ್ಡ್ ಅನ್ನೋ ಇನ್ನೊಂದನ್ನ ಶುರು ಮಾಡಿದ್ರು. 2005ರಲ್ಲಿ ಅದನ್ನ ಗೂಗಲ್ ಕೊಂಡುಕೊಂಡಿತು. ಇತ್ತ ಡೇಂಜರ್ ಕಂಪನಿಯನ್ನ 2008ರಲ್ಲಿ ಮೈಕ್ರೋಸಾಫ್ಟ್ ಖರೀದಿ ಮಾಡಿತು. ಸುಮಾರು 50 ಕೋಟಿ ಡಾಲರ್ ಅಂತ ಆಗಿನ ವರದಿಗಳು. ಮೈಕ್ರೋಸಾಫ್ಟಿಗೆ ಬೇಕಿದ್ದದ್ದು ಹೊಸದೊಂದು ಫೋನು ಮಾಡೋಕೆ ಆ ಇಂಜಿನಿಯರುಗಳು. ಹಳೇ ಸೈಡ್‌ಕಿಕ್ ಸೇವೆಯೂ ಪಕ್ಕದಲ್ಲಿ ನಡೀತಾ ಇತ್ತು. ಮನೆಯವರೆಲ್ಲ ಹೊಸ ಮನೆ ಕಟ್ಟೋ ಗಡಿಬಿಡಿಯಲ್ಲಿದ್ದಾಗ ಹಳೇ ಮನೆಯ ಸೂರು ಸೋರೋದನ್ನ ಯಾರು ನೋಡ್ತಾರೆ? ಇದು ನನ್ನ ಊಹೆ ಮಾತ್ರ ಅಂತಲೇ ಇಟ್ಕೊಳ್ಳಿ.

2009ರ ಅಕ್ಟೋಬರ್ ಮೊದಲ ದಿನಗಳು. ಸೈಡ್‌ಕಿಕ್‌ಗಳಲ್ಲಿ ಇಂಟರ್ನೆಟ್ ನಿಂತುಹೋಯ್ತು. ಜನ ಮೊದಲು ತಲೆ ಕೆಡಿಸಿಕೊಳ್ಳಲಿಲ್ಲ. ನೆಟ್‌ವರ್ಕ್ ತೊಂದರೆ, ನಾಳೆ ಸರಿ ಹೋಗುತ್ತೆ ಅಂದುಕೊಂಡ್ರು. ಫೋನು ಸರಿಯಾಗಿ ನಡೀದೇ ಇದ್ದಾಗ ನಾವೆಲ್ಲ ಏನ್ ಮಾಡ್ತೀವಿ? ಆಫ್ ಮಾಡಿ ಆನ್ ಮಾಡ್ತೀವಿ. ಬ್ಯಾಟರಿ ತೆಗೆದು ಹಾಕ್ತೀವಿ. ಅವರೂ ಅದನ್ನೇ ಮಾಡಿದ್ರು. ಆನ್ ಮಾಡಿ ನೋಡಿದ್ರೆ ಒಂದೇ ಒಂದು ನಂಬರಿಲ್ಲ. ಫೋಟೋ ಇಲ್ಲ. ಫೋನು ಸರ್ವರ್ ಹತ್ರ ಹೋಗಿ ನನ್ನ ಸಾಮಾನು ಕೊಡಿ ಅಂತ ಕೇಳ್ತಿದೆ, ಅಲ್ಲಿ ಕೊಡೋಕೆ ಏನೂ ಇಲ್ಲ.

ಅಕ್ಟೋಬರ್ 10, ಶನಿವಾರ. ಟಿ-ಮೊಬೈಲ್ ಮತ್ತು ಮೈಕ್ರೋಸಾಫ್ಟ್ ಕಡೆಯಿಂದ ಒಂದು ಪ್ರಕಟಣೆ ಬಂತು. ಈಗ ನಿಮ್ಮ ಫೋನಿನಲ್ಲಿ ಕಾಣದೇ ಇರೋ ನಂಬರು, ಕ್ಯಾಲೆಂಡರು, ಫೋಟೋಗಳು ಹೆಚ್ಚೂಕಡಿಮೆ ಖಂಡಿತವಾಗಿ ಹೋದ ಹಾಗೇ ಅನ್ನೋದು ಅದರ ತಾತ್ಪರ್ಯ. ಜೊತೆಗೆ ಒಂದು ಸೂಚನೆ: ಇನ್ನೂ ನಂಬರು ಕಾಣ್ತಾ ಇದ್ರೆ ದಯವಿಟ್ಟು ಫೋನು ರಿಸೆಟ್ ಮಾಡಬೇಡಿ, ಬ್ಯಾಟರಿ ತೆಗೀಬೇಡಿ, ಚಾರ್ಜು ಪೂರ್ತಿ ಇಳಿಯೋಕೆ ಬಿಡಬೇಡಿ.

ಒಂದು ಕ್ಷಣ ಆ ಮನೆಗಳನ್ನ ಕಲ್ಪನೆ ಮಾಡ್ಕೊಳ್ಳಿ. ಆಗಿನ ವರದಿಗಳ ಪ್ರಕಾರ 8 ಲಕ್ಷದಿಂದ 10 ಲಕ್ಷದಷ್ಟು ಬಳಕೆದಾರರು. ಅದರಲ್ಲಿ ಅದೃಷ್ಟಕ್ಕೆ ಫೋನು ಆಫ್ ಮಾಡದೇ ಇದ್ದವರು ಅದನ್ನ ಚಾರ್ಜರಿಗೆ ಸಿಕ್ಕಿಸಿ, ಆರದ ಹಾಗೆ ನೋಡಿಕೊಳ್ಳೋ ದೀಪದ ಥರ ಕಾಯ್ಕೊಂಡು, ಪೇಪರು ಪೆನ್ನು ಹಿಡಿದು ಒಂದೊಂದೇ ನಂಬರು ಬರೆದುಕೊಳ್ಳಬೇಕಾದ ಪರಿಸ್ಥಿತಿ.

ಸರ್ವರ್ ಕೆಟ್ಟರೆ ಅದರ ಬ್ಯಾಕಪ್ ಎಲ್ಲಿ ಹೋಯ್ತು ಅಂತ ಎಲ್ಲರೂ ಕೇಳಿದ್ರು. ಮೈಕ್ರೋಸಾಫ್ಟ್ ಆಮೇಲೆ ಕೊಟ್ಟ ವಿವರಣೆ ಚಿಕ್ಕದು: ವ್ಯವಸ್ಥೆಯ ವೈಫಲ್ಯದಿಂದ ಮುಖ್ಯ ಡೇಟಾಬೇಸ್ ಮತ್ತು ಅದರ ಬ್ಯಾಕಪ್ ಎರಡರಲ್ಲೂ ನಷ್ಟ ಆಯ್ತು ಅಂತ. ಎರಡರಲ್ಲೂ! ಬೀಗದ ಕೈ ಕಳೆದ್ರೆ ಇರಲಿ ಅಂತ ಮಾಡಿಸಿದ ಇನ್ನೊಂದು ಕೈಯನ್ನೂ ಅದೇ ಗೊಂಚಲಿಗೆ ಪೋಣಿಸಿಟ್ಟ ಹಾಗೆ.

ಟಿ-ಮೊಬೈಲ್ ಸೈಡ್‌ಕಿಕ್ ಮಾರಾಟ ನಿಲ್ಲಿಸಿತು. ಒಂದು ತಿಂಗಳ ಡೇಟಾ ಶುಲ್ಕ ಮಾಫಿ ಅಂತು. ಶಾಶ್ವತವಾಗಿ ನಷ್ಟ ಆದವರಿಗೆ 100 ಡಾಲರಿನ ಗಿಫ್ಟ್ ಕಾರ್ಡ್ ಘೋಷಣೆ ಮಾಡಿತು. ಕೋರ್ಟಿನಲ್ಲಿ ಮೊಕದ್ದಮೆಗಳು ಬಿದ್ದವು. ಕ್ಲೌಡ್ ಅಂದ್ರೆ ಇದೇ ನೋಡಿ, ನಂಬಿದವರ ಗತಿ ಇಷ್ಟೇ ಅಂತ ಬರೆಯೋರಿಗೆ ಆ ವಾರ ಹಬ್ಬ.

ಐದು ದಿನ ಕಳೆದು, ಅಕ್ಟೋಬರ್ 15ರಂದು, ಮೈಕ್ರೋಸಾಫ್ಟಿನ ಉಪಾಧ್ಯಕ್ಷೆ ರಾಜ್ ಹೋ ಅವರ ಸಹಿ ಇರೋ ಪತ್ರ ಬಂತು. ಎಲ್ಲ ಅಲ್ಲದಿದ್ದರೂ ಹೆಚ್ಚಿನ ಗ್ರಾಹಕರ ಡೇಟಾ ಮತ್ತೆ ಸಿಕ್ಕಿದೆ! ಮೊದಲು ನಂಬರುಗಳನ್ನ ಕೊಡ್ತೀವಿ, ಆಮೇಲೆ ಫೋಟೋ, ಕ್ಯಾಲೆಂಡರು, ಉಳಿದಿದ್ದು. ಅಕ್ಟೋಬರ್ 20ಕ್ಕೆ ನಂಬರು ವಾಪಸ್ ಕೊಡೋ ಕೆಲಸ ಶುರುವಾಯ್ತು.

ನನಗೆ ಈ ಕಥೆಯಲ್ಲಿ ತುಂಬ ಹಿಡಿಸಿದ್ದು ಆ ವಾಪಸಾತಿಯ ರೀತಿ. ಅವರು ಹಳೇ ಡೇಟಾವನ್ನ ನೇರವಾಗಿ ಫೋನಿಗೆ ಸುರಿಯಲಿಲ್ಲ. ಟಿ-ಮೊಬೈಲ್ ವೆಬ್‌ಸೈಟಿನಲ್ಲಿ, ಅಕ್ಟೋಬರ್ 1ರಂದು ನಿಮ್ಮ ನಂಬರುಗಳು ಹೀಗಿದ್ವು ಅಂತ ಮೊದಲು ತೋರಿಸಿದ್ರು. ಈ ಎರಡು ವಾರದಲ್ಲಿ ನೀವು ಹೊಸದಾಗಿ ಸೇರಿಸಿಕೊಂಡಿರೋ ನಂಬರುಗಳ ಜೊತೆ ಇದನ್ನ ಬೆರೆಸಬೇಕಾ, ಅಥವಾ ಇದೇ ಸಾಕಾ ಅಂತ ಕೇಳಿದ್ರು. ಇದು ಸಣ್ಣ ವಿಷಯ ಅಲ್ಲ. ನಂಬರು ಕಳೆದುಕೊಂಡವನು ಕೈಕಟ್ಟಿ ಕೂತಿರೋದಿಲ್ಲ. ಒಬ್ಬೊಬ್ಬರನ್ನೇ ಕೇಳಿ ಮತ್ತೆ ಕೂಡಿಸ್ತಾ ಇರ್ತಾನೆ. ಹಳೇ ಬ್ಯಾಕಪ್ ಮೇಲಿಂದ ಬಂದು ಬಿದ್ರೆ ಆ ಎರಡು ವಾರದ ದುಡಿಮೆ ಹೋಗುತ್ತೆ. ಒಂದನ್ನ ಉಳಿಸೋಕೆ ಹೋಗಿ ಇನ್ನೊಂದನ್ನ ಅಳಿಸೋದು ಇವತ್ತಿಗೂ ನಡೆಯುವ ಎಡವಟ್ಟು. ರಿಸ್ಟೋರ್ ಅನ್ನೋ ಗುಂಡಿ ಒತ್ತೋ ಮುಂಚೆ, ಈಗ ಇರೋದರದ್ದೂ ಒಂದು ಪ್ರತಿ ತೆಗೆದಿಡಬೇಕು ಅನ್ನೋದು ಇದಕ್ಕೇ.

ಸೈಡ್‌ಕಿಕ್ ಹೆಸರು ಮಾತ್ರ ಮತ್ತೆ ಮೇಲೇಳಲಿಲ್ಲ. ಮೈಕ್ರೋಸಾಫ್ಟ್ ಆ ಇಂಜಿನಿಯರುಗಳಿಂದ ಮಾಡಿಸಿದ ಕಿನ್ ಅನ್ನೋ ಫೋನು 2010ರ ಮೇ ತಿಂಗಳಲ್ಲಿ ಅಂಗಡಿಗೆ ಬಂತು, ಜೂನ್ ಮುಗಿಯೋದರೊಳಗೆ ಅದನ್ನ ಕೈಬಿಟ್ರು. ಡೇಂಜರ್ ಸೇವೆಯನ್ನ 2011ರ ಮೇ 31ರಂದು ಮುಚ್ಚಲಾಯ್ತು. ಆ ಹೊತ್ತಿಗೆ, ಫೋನಿನಲ್ಲಿರೋದು ನೆರಳು, ಅಸಲು ಇರೋದು ಖಾತೆಯಲ್ಲಿ ಅನ್ನೋ ಆ ಹಳೇ ಯೋಚನೆ ರೂಬಿನ್ ಅವರ ಎರಡನೇ ಕಂಪನಿಯ ಫೋನುಗಳಲ್ಲಿ ಲೋಕವನ್ನೆಲ್ಲ ಹಬ್ಬಿತ್ತು. ಮೊದಲ ಆಂಡ್ರಾಯ್ಡ್ ಫೋನನ್ನ 2008ರಲ್ಲಿ ಮಾರಿದ್ದೂ ಅದೇ ಟಿ-ಮೊಬೈಲ್. ನಮ್ಮ ಕೈಲಿರೋ ಫೋನಿಗೆ ಜಿಮೇಲ್ ಹಾಕಿದ ಕೂಡಲೇ ನಂಬರು ಇಳಿದು ಬರುತ್ತಲ್ಲ, ಅದರ ವಂಶಾವಳಿ ಇದು.

ಇನ್ನೊಂದು ಘಟನೆಯನ್ನ ಇಲ್ಲಿ ಸೇರಿಸಲೇಬೇಕು. 2011ರ ಫೆಬ್ರವರಿ 27. ಕೆಲವು ಜನ ಜಿಮೇಲ್ ತೆರೆದು ನೋಡ್ತಾರೆ, ಇನ್‌ಬಾಕ್ಸು ಪೂರ್ತಿ ಖಾಲಿ. ಗೂಗಲ್ ಲೆಕ್ಕದಲ್ಲಿ ಶೇಕಡಾ 0.02, ಅಂದ್ರೆ 10,000ಕ್ಕೆ ಇಬ್ಬರು. ಗೂಗಲ್ ಪ್ರತಿಯೊಂದನ್ನೂ ಬೇರೆ ಬೇರೆ ಕಡೆ ಹಲವು ಪ್ರತಿ ಮಾಡಿ ಇಡುತ್ತೆ. ಆದರೆ ಹೊಸ ಸಾಫ್ಟ್‌ವೇರಿನಲ್ಲಿದ್ದ ಒಂದು ದೋಷ ಆ ಪ್ರತಿಗಳನ್ನೂ ಮುಟ್ಟಿತ್ತು. ಕೊನೆಗೆ ಉಳಿಸಿದ್ದು ಯಾವುದು ಗೊತ್ತಾ? ಟೇಪು. ಕಂಪ್ಯೂಟರಿಗೆ ಸಿಕ್ಕಿಸದೇ ಬೇರೆ ಇಟ್ಟಿದ್ದ ಮ್ಯಾಗ್ನೆಟಿಕ್ ಟೇಪು. ಸಿಕ್ಕಿಸಿರಲಿಲ್ಲ, ಹಾಗಾಗಿ ದೋಷ ಅದರ ತನಕ ಹೋಗಲಿಲ್ಲ. ಅದರಿಂದ ಓದಿ ಪತ್ರಗಳನ್ನ ವಾಪಸ್ ಹಾಕೋಕೆ ಸಮಯ ಹಿಡೀತು, ಆದರೂ ಸಿಕ್ತು.

2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯಲ್ಲಿ ಆಗಿದ್ದು ಇದಕ್ಕೆ ಉಲ್ಟಾ. ರಾತ್ರಿ ಕೆಲಸ ಮಾಡ್ತಿದ್ದ ಇಂಜಿನಿಯರ್ ತಪ್ಪಿ ಬೇರೆ ಸರ್ವರಿನ ಡೇಟಾ ಅಳಿಸಿಬಿಟ್ಟ. ಐದು ಬಗೆಯ ಬ್ಯಾಕಪ್ ಏರ್ಪಾಡಿತ್ತು. ಬೇಕಾದಾಗ ನೋಡಿದ್ರೆ ಐದರಲ್ಲಿ ಒಂದನ್ನೂ ನೆಚ್ಚೋ ಹಾಗಿರಲಿಲ್ಲ. ಒಂದಂತೂ ಬಹಳ ದಿನದಿಂದ ವಿಫಲ ಆಗ್ತಾನೇ ಇತ್ತು, ವಿಫಲ ಆಯ್ತು ಅಂತ ಹೇಳೋ ಇಮೇಲೂ ಯಾರಿಗೂ ತಲುಪ್ತಿರಲಿಲ್ಲ! ಬೇರೆ ಏನಕ್ಕೋ ಅಂತ ಆರು ಗಂಟೆ ಹಿಂದೆ ತೆಗೆದಿದ್ದ ಒಂದು ಪ್ರತಿ ಕೈಹಿಡೀತು.

ಸರಿ, ಅಮ್ಮನ ಫೋನಿಗೆ ವಾಪಸ್ ಬರೋಣ.

ಮಾರನೇ ದಿನ ಬೆಳಗ್ಗೆ ಅಂಗಡಿ ಹುಡುಗನಿಗೆ ಫೋನ್ ಮಾಡಿದೆ. ಅವನು ಒಳ್ಳೆಯವನೇ ಪಾಪ. 'ಅಕ್ಕಾ, ಕಾರ್ಡಲ್ಲಿ ಏನೋ ವೈರಸ್ ಇರ್ಬೇಕು, ಫಾರ್ಮ್ಯಾಟ್ ಮಾಡಿ ಇನ್ನೊಂದ್ಸಲ ಟ್ರೈ ಮಾಡ್ಲಾ' ಅಂದ. ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಇಣುಕಿ ನೋಡಿದ್ರು. ಹಿಂದಿನ ರಾತ್ರಿ ತಾನೇ ಬ್ಯಾಟರಿ ತೆಗೀಬೇಡಿ ಅನ್ನೋ ಕಥೆ ಓದಿದ್ದೆನಲ್ಲ. ಕಾರ್ಡು ಮುಟ್ಟಬೇಡ, ಹಳೇ ಫೋನನ್ನೂ ರಿಸೆಟ್ ಮಾಡಬೇಡ, ಎರಡನ್ನೂ ಅಮ್ಮನ ಕೈಗೆ ವಾಪಸ್ ಕೊಡು ಅಂದೆ. ಆ ಸಂಜೆಯೇ ಬಸ್ ಹತ್ತಿ ಊರಿಗೆ ಹೋದೆ.

ಕಾರ್ಡನ್ನ ಲ್ಯಾಪ್‌ಟಾಪಿಗೆ ಹಾಕಿದ್ರೆ ಅದರಲ್ಲೊಂದು ವಿಸಿಎಫ್ ಫೈಲು. ಸಾದಾ ಅಕ್ಷರಗಳ ಫೈಲದು, ನೋಟ್‌ಪ್ಯಾಡಿನಲ್ಲೇ ತೆರೆಯುತ್ತೆ. ಇದರ ಹೆಸರು ವಿ-ಕಾರ್ಡ್. 1990ರ ದಶಕದ ಮಧ್ಯದಲ್ಲಿ ಆಪಲ್, ಎಟಿ ಅಂಡ್ ಟಿ, ಐಬಿಎಂ, ಸೀಮೆನ್ಸ್ ಕಂಪನಿಗಳು ವರ್ಸಿಟ್ ಅನ್ನೋ ಒಕ್ಕೂಟ ಮಾಡಿಕೊಂಡು, ವಿಸಿಟಿಂಗ್ ಕಾರ್ಡನ್ನ ಕಂಪ್ಯೂಟರಿಂದ ಕಂಪ್ಯೂಟರಿಗೆ ದಾಟಿಸೋಕೆ ಅಂತ ಬರೆದ ಕ್ರಮ. ಅದರ 2.1 ಅನ್ನೋ ಆವೃತ್ತಿಯನ್ನ ಆಂಡ್ರಾಯ್ಡ್ ಫೋನುಗಳು ಎಷ್ಟೋ ಕಾಲ ಹಾಗೇ ಬಳಸಿಕೊಂಡು ಬಂದಿವೆ.

ಆ ಕಾಲದಲ್ಲಿ ಇಮೇಲ್ ದಾರಿಯಲ್ಲಿ ಇಂಗ್ಲಿಷ್ ಅಕ್ಷರ ಬಿಟ್ಟು ಬೇರೇನೂ ಸುರಕ್ಷಿತವಾಗಿ ದಾಟ್ತಿರಲಿಲ್ಲ. ಹಾಗಾಗಿ ಬೇರೆ ಭಾಷೆಯ ಅಕ್ಷರಗಳನ್ನ ಸಮ ಚಿಹ್ನೆ ಮತ್ತು ಎರಡೆರಡು ಅಂಕಿ-ಅಕ್ಷರಗಳ ಸಂಕೇತಕ್ಕೆ ಬದಲಾಯಿಸಿ ಕಳಿಸೋ ಉಪಾಯ ಇತ್ತು. ಕನ್ನಡದ ಒಂದೊಂದು ಅಕ್ಷರ, ಒಂದೊಂದು ಕಾಗುಣಿತದ ಗುರುತು, ಒಂದೊಂದು ವಿರಾಮ ಚಿಹ್ನೆ ಯುಟಿಎಫ್-8 ಪದ್ಧತಿಯಲ್ಲಿ ಮೂರು ಬೈಟು ತಗೊಳ್ಳುತ್ತೆ. ಪ್ರತಿ ಬೈಟಿಗೆ ಈ ಸಂಕೇತದಲ್ಲಿ ಮೂರು ಚಿಹ್ನೆ. ಅಲ್ಲಿಗೆ ಒಂದು ಕನ್ನಡ ಗುರುತಿಗೆ ಒಂಬತ್ತು. 'ಅಮ್ಮ' ಅಂತ ಬರೆದ್ರೆ ಅ, ಮ, ವಿರಾಮ, ಮತ್ತೆ ಮ: ನಾಲ್ಕು ಗುರುತು, 36 ಚಿಹ್ನೆ. ಅಮ್ಮ ಸೇವ್ ಮಾಡಿಕೊಂಡಿದ್ದ 'ಇಂಜೆಕ್ಷನ್ ಸಿಸ್ಟರ್' ಅನ್ನೋ ಹೆಸರಿಗೆ ಸುಮಾರು 145 ಚಿಹ್ನೆ! ಇದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ರೆ ಇಪ್ಪತ್ತೂ ದಾಟ್ತಿರಲಿಲ್ಲ.

ಒಂದು ಸಾಲಿಗೆ 76 ಚಿಹ್ನೆ ಮಾತ್ರ ಅನ್ನೋದು ಆ ಪದ್ಧತಿಯ ನಿಯಮ. ಹೆಚ್ಚಾದ್ರೆ ಸಾಲಿನ ಕೊನೆಗೆ ಒಂದು ಸಮ ಚಿಹ್ನೆ ಇಟ್ಟು, ಮುಂದಿನ ಸಾಲಿಗೆ ಹೋಗಬೇಕು. ಓದೋ ಫೋನಿಗೆ ಆ ಎರಡು ಸಾಲನ್ನ ಜೋಡಿಸಿಕೊಳ್ಳೋ ಬುದ್ಧಿ ಇರಬೇಕು. ಅಮ್ಮನ ಹೊಸ ಫೋನಿನಲ್ಲಿದ್ದ ಆ್ಯಪ್‌ಗೆ ಆ ಬುದ್ಧಿ ಇರಲಿಲ್ಲ. ಇಂಗ್ಲಿಷ್ ಹೆಸರುಗಳೆಲ್ಲ ಒಂದೇ ಸಾಲಿನಲ್ಲಿ ಮುಗೀತಿದ್ವು, ಅವು ಸಲೀಸಾಗಿ ಬಂದ್ವು. ಕನ್ನಡದ ಉದ್ದ ಹೆಸರು ಎರಡನೇ ಸಾಲಿಗೆ ಹೋದ ಕೂಡಲೇ ಇದೇನೋ ಹಾಳಾದ ನಮೂದು ಅಂತ ಆ್ಯಪ್ ಮುಂದಕ್ಕೆ ಹೋಯ್ತು. ಎಷ್ಟು ಬಿಟ್ಟೆ ಅಂತ ಹೇಳಲೂ ಇಲ್ಲ. ರಿಸ್ಟೋರ್ ಮುಗೀತು ಅಂತು, ಅಷ್ಟೇ.

ಅಂದ್ರೆ ಏನೂ ಕಳೆದೇ ಇರಲಿಲ್ಲ. ಎಲ್ಲ ಆ ಕಾರ್ಡಿನಲ್ಲೇ ಕೂತಿತ್ತು. ನಾನು ಮಾಡಿದ್ದು ಇಷ್ಟು. ಮೊದಲು ಆ ಫೈಲಿನ ಒಂದು ಪ್ರತಿ ತೆಗೆದು ಲ್ಯಾಪ್‌ಟಾಪಿನಲ್ಲಿ, ಇನ್ನೊಂದು ಪೆನ್‌ಡ್ರೈವಿನಲ್ಲಿ ಇಟ್ಟೆ. ಹೊಸ ಫೋನಿನಲ್ಲಿ ಅಷ್ಟರಲ್ಲಿ ಅಮ್ಮ ಮತ್ತೆ ಸೇರಿಸಿಕೊಂಡಿದ್ದ ಹನ್ನೊಂದು ನಂಬರನ್ನೂ ಬೇರೆ ತೆಗೆದಿಟ್ಟೆ. ಆಮೇಲೆ ಪ್ರತಿಯಲ್ಲಿ, ಮುರಿದ ಸಾಲುಗಳನ್ನ ಜೋಡಿಸಿ, ಸಂಕೇತವನ್ನ ಕನ್ನಡಕ್ಕೆ ಬಿಡಿಸಿ, ವಿ-ಕಾರ್ಡಿನ 3.0 ರೂಪದಲ್ಲಿ ಉಳಿಸಿದೆ. ಅದಕ್ಕೆ ಆ ಸಂಕೇತದ ಹಂಗಿಲ್ಲ, ಕನ್ನಡವನ್ನ ಕನ್ನಡವಾಗೇ ಇಡಬಹುದು. ಒಂದೇ ಒಂದು ನಮೂದನ್ನ ಮಾತ್ರ ಮೊದಲು ಫೋನಿಗೆ ಹಾಕಿ ನೋಡಿದ್ವಿ. 'ಟೈಲರ್ ಅಕ್ಕ ಎರಡನೇ ಬೀದಿ' ಅಂತ ಹೆಸರು ಮೂಡಿತು. ಕೆಳಗೆ ಟಿಪ್ಪಣಿಯಲ್ಲಿ: 'ಎರಡು ಕಂತು ಬಾಕಿ, ಹಬ್ಬ ಕಳೀಲಿ'. ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕ್ಕೊಂಡ್ರು.

ಎಲ್ಲರಿಗೂ ಇಂಥ ಅದೃಷ್ಟ ಇರಲ್ಲ ಅನ್ನೋದನ್ನೂ ಹೇಳಬೇಕು. ಅಳಿಸಿದ್ದನ್ನ ಫೋನಿನ ಹೊಟ್ಟೆಯಿಂದ ಅಗೆದು ತೆಗೆಯೋ ಕಾಲ ಒಂದಿತ್ತು. ಡೇಟಾಬೇಸಿನಲ್ಲಿ ಒಂದು ನಮೂದು ಅಳಿಸಿದ್ರೆ ಆ ಜಾಗ ಖಾಲಿ ಅಂತ ಗುರುತಾಗ್ತಿತ್ತೇ ಹೊರತು, ಅಲ್ಲಿದ್ದ ಅಕ್ಷರ ಕೂಡಲೇ ಹೋಗ್ತಿರಲಿಲ್ಲ. ಆದರೆ 2009ರಲ್ಲಿ ಐಫೋನ್ 3ಜಿಎಸ್ ಬಂದಾಗಿನಿಂದ ಐಫೋನುಗಳಲ್ಲಿ, 2015ರ ಆಂಡ್ರಾಯ್ಡ್ 6.0 ಆದ ಮೇಲೆ ಹೆಚ್ಚಿನ ಹೊಸ ಆಂಡ್ರಾಯ್ಡುಗಳಲ್ಲಿ ಎಲ್ಲವೂ ಬೀಗ ಹಾಕಿದ ರೂಪದಲ್ಲೇ ಇರುತ್ತೆ. ಫ್ಯಾಕ್ಟರಿ ರಿಸೆಟ್ ಕೊಟ್ಟರೆ ಆ ಬೀಗದ ಕೈಯೇ ನಾಶ. ರಿಸೆಟ್ ಮಾಡಿದ ಫೋನಿಂದಲೂ ಎಲ್ಲ ತೆಗೆದುಕೊಡ್ತೀವಿ ಅಂತ ದುಡ್ಡು ಕೇಳೋ ಜಾಹೀರಾತುಗಳನ್ನ ನಂಬೋ ಮುಂಚೆ ಇದು ನೆನಪಿರಲಿ. ಹುಡುಕಬೇಕಾದ ಜಾಗ ಫೋನಿನ ಹೊರಗಿದೆ. ಗೂಗಲ್ ಕಾಂಟ್ಯಾಕ್ಟ್ಸ್ ಪುಟದಲ್ಲಿ 30 ದಿನದ ಹಿಂದಿನ ತನಕ ಯಾವ ಹೊತ್ತಿಗೆ ಬೇಕಾದರೂ ಪಟ್ಟಿಯನ್ನ ತಿರುಗಿಸಬಹುದು. ಐಕ್ಲೌಡ್ ವೆಬ್‌ಸೈಟಿನಲ್ಲೂ ಕಳೆದ 30 ದಿನದ ಹಳೇ ಪಟ್ಟಿಗಳು ಸಿಗುತ್ತವೆ. ಗೂಗಲ್‌ನಲ್ಲಿರೋ ಆಂಡ್ರಾಯ್ಡ್ ಫೋನಿನ ಬ್ಯಾಕಪ್ಪು, ಆ ಫೋನನ್ನ 57 ದಿನ ಬಳಸದೇ ಇದ್ದರೆ ಅಳಿದು ಹೋಗಬಹುದು. ಹೇಗಾದ್ರೂ ಇರುತ್ತೆ, ನಿಧಾನಕ್ಕೆ ನೋಡಿದ್ರಾಯ್ತು ಅಂತ ಕೂರೋ ಹಾಗಿಲ್ಲ. ಪೋಸ್ಟ್‌ಪೇಯ್ಡ್ ಬಿಲ್ಲಿನಲ್ಲಿರೋ ಕರೆಗಳ ಪಟ್ಟಿ, ಹಳೇ ಸಿಮ್ಮು, ವಾಟ್ಸ್‌ಆ್ಯಪ್ ಗುಂಪಿನ ಸದಸ್ಯರ ಪಟ್ಟಿ, ಇವೂ ಕೈಹಿಡಿಯುತ್ತವೆ. ನಮ್ಮಮ್ಮನ ಸಂಘದ ಅರ್ಧ ಜನರ ನಂಬರು ಮೊದಲ ದಿನವೇ ಸಿಕ್ಕಿದ್ದು ಗುಂಪಿನಿಂದಲೇ. ಟಿಪ್ಪಣಿ ಮಾತ್ರ ಅಲ್ಲಿರಲಿಲ್ಲ.

ಭಾನುವಾರದ ಸಭೆ ನಡೀತು. ಸಿಂಕ್ ಆಫ್ ಮಾಡಿದ್ದು ನಾನೇ ಅಂತ ಶನಿವಾರ ರಾತ್ರಿ ಊಟದ ಹೊತ್ತಿಗೆ ಒಪ್ಪಿಕೊಂಡೆ. 'ಗೊತ್ತಿತ್ತು ಬಿಡು' ಅಂದ್ರು. ಹೇಗೆ ಗೊತ್ತಿತ್ತೋ ಕೇಳಲಿಲ್ಲ.

ಹೊರಡೋ ಮುಂಚೆ ಇಬ್ಬರೂ ಕೂತು ಪೂರ್ತಿ ಪಟ್ಟಿಯನ್ನ ಒಂದು ಸಲ ನೋಡಿದ್ವಿ, ಎರಡೆರಡು ಸಲ ಬಂದಿರೋದನ್ನ ತೆಗೆಯೋಕೆ. ನಡುವೆ ಒಂದು ನಂಬರು. ಹೆಸರಿನ ಜಾಗದಲ್ಲಿ 'ಬುಧವಾರ' ಅಂತಿದೆ, ಅಷ್ಟೇ. ಯಾರಮ್ಮಾ ಇದು ಅಂದೆ. ಎಷ್ಟು ಯೋಚನೆ ಮಾಡಿದ್ರೂ ಅಮ್ಮನಿಗೆ ನೆನಪಾಗಲಿಲ್ಲ. ಅಳಿಸ್ಲಾ ಅಂತ ಬೆರಳು ಇಟ್ಟೆ. ಅಮ್ಮ ಫೋನು ಕಿತ್ಕೊಂಡ್ರು. 'ಇರಲಿ ಇರಲಿ. ಬುಧವಾರ ಬಂದ್ರೆ ನೆನಪಾಗ್ಬಹುದು.'